ಪೊಟ್ಟಣದ ಮೇಲೆ ಸಂತಾನಭಾಗ್ಯ

ಮಾನ್ಯ ಸಂಪಾದಕರೇ,

ಕೊಡಗಿನ ರಸ್ತೆಬದಿಯ ಮಸಾಲೆ ಅಂಗಡಿಗಳಲ್ಲಿ ಕರಿಮೆಣಸು, ಏಲಕ್ಕಿ, ಜೇನಿನ ಸಾಲಿನಲ್ಲಿ ಈಗ ಗ್ರೀನ್ ಟೀಯೂ ಬಂದು ಕುಳಿತಿದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೋಣಿಕೊಪ್ಪದ ಸಮೀಪದ ಅಂಗಡಿಯೊಂದರಲ್ಲಿ ‘ಗರ್ಭಕೋಶ ಶುದ್ಧಿಗೆ, ಸಂತಾನಭಾಗ್ಯಕ್ಕೆ’ ಎಂಬ ಚೀಟಿ ಅಂಟಿಸಿದ ಪೊಟ್ಟಣ ಕಂಡು ಸಿಟ್ಟು ಬಂತು. ವಾಟ್ಸ್‌ಆ್ಯಪ್‌ನಲ್ಲಿ ಇದರ ತದ್ವಿರುದ್ಧದ ಮಾತು ಓಡಾಡುತ್ತಿದೆ: ಗ್ರೀನ್ ಟೀ ಕುಡಿದ ಹೆಣ್ಣಿಗೆ ಮಕ್ಕಳಾಗುವುದಿಲ್ಲವಂತೆ. ಆರೋಗ್ಯ ಉಪಕೇಂದ್ರದಲ್ಲಿ ಗರ್ಭಿಣಿಯರ ತಾಯಿ ಕಾರ್ಡ್ ಬರೆಯುತ್ತಲೇ ನಿವೃತ್ತಳಾದವಳು ನಾನು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಹುಡುಗಿಯರನ್ನು ನೋಡಿಕೊಂಡು ಸುಮ್ಮನಿರಲಾರೆ.

ಗ್ರೀನ್ ಟೀ ಬೇರೆ ಯಾವುದೋ ಮೂಲಿಕೆಯಲ್ಲ. ಹುದಿಕೇರಿ ಕಡೆಯ ತೋಟದಲ್ಲಿ ಕಾಣುವ ಅದೇ ಚಹಾ ಗಿಡದ ಎಲೆ. ಕಪ್ಪಾಗಲು ಬಿಡದೆ ಒಣಗಿಸುತ್ತಾರೆ, ಅಷ್ಟೇ. ಅದನ್ನು ಕುಡಿದರೆ ಬೇಗ ಗರ್ಭ ನಿಲ್ಲುತ್ತದೆ ಎಂಬುದು ಸಾಬೀತಾಗಿಲ್ಲ. ಕುಡಿದರೆ ಬಂಜೆತನ ಬರುತ್ತದೆ ಎಂಬುದೂ ಸಾಬೀತಾಗಿಲ್ಲ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ಸಂಶೋಧಕರು ಹೆಚ್ಚು ಪ್ರಮಾಣದ ಗ್ರೀನ್ ಟೀ ಕೊಟ್ಟಾಗ ಸಂತಾನಶಕ್ತಿ ಕುಂದಿದ್ದನ್ನು ಕಂಡರು ನಿಜ. ಆದರೆ ಅದು ಹಣ್ಣುನೊಣಗಳಲ್ಲಿ. ನೊಣಕ್ಕಾದದ್ದನ್ನು ಸೊಸೆಗೆ ಅನ್ವಯಿಸುವುದು ಅನ್ಯಾಯ. ಇನ್ನು ಕೆಫೀನ್: ಒಂದು ಕಪ್ಪಿನಲ್ಲಿರುವುದು ಸುಮಾರು 30 ಮಿಲಿಗ್ರಾಂ. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಮೀರಬಾರದು ಎನ್ನುತ್ತಾರೆ ವೈದ್ಯರು. ಆ ಲೆಕ್ಕ ಹಿಡಿಯುವುದಾದರೆ ನಮ್ಮ ಮನೆಗಳ ರೋಬಸ್ಟಾ ಕಾಫಿಯಿಂದಲೇ ಶುರು ಮಾಡಬೇಕು. ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಅದರಲ್ಲಿದೆ.

ನನ್ನ ಆತಂಕ ಬೇರೆ ಕಡೆಗಿದೆ. ಊಟದ ಜೊತೆ ಅಥವಾ ಮಾತ್ರೆಯ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಫೋಲಿಕ್ ಆಮ್ಲವೆಂಬ ಜೀವಸತ್ವದ (ವಿಟಮಿನ್) ಕಥೆಯೂ ಹೀಗೆಯೇ: ಗ್ರೀನ್ ಟೀ ಜೊತೆ ನುಂಗಿದಾಗ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮಗುವಿನ ಮಿದುಳು, ಬೆನ್ನುಹುರಿಗೆ ಅಡಿಪಾಯವಾಗುವ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಆಗಿನ್ನೂ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಎಂದೇ ತಿಳಿದಿರುವುದಿಲ್ಲ. ಅದಕ್ಕಾಗಿಯೇ ಮಗು ಬೇಕೆನ್ನುವವರು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ಮಾತ್ರೆಗೂ ಚಹಾಕ್ಕೂ ಒಂದೆರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ತೂಕ ಇಳಿಸಲೆಂದು ಗ್ರೀನ್ ಟೀ ಸಾರದ ಮಾತ್ರೆ ನುಂಗುವವರಿಗೂ ಒಂದು ಮಾತು: ಸಾರದ ಪ್ರಮಾಣ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು ಬೀಳಬಹುದು.

ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಹೇಳಿ ಮಾರುವುದನ್ನು 2018ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಮಹಿಳೆಯರ ಬಂಜೆತನಕ್ಕೆ ಮದ್ದೆಂದು ಜಾಹೀರಾತು ಮಾಡುವುದು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯ ಪ್ರಕಾರವೇ ತಪ್ಪು. ಅಧಿಕಾರಿಗಳು ಪ್ರವಾಸಿಗರ ಅಂಗಡಿಗಳಲ್ಲಿ ತಯಾರಿಕೆಯ ದಿನಾಂಕ ನೋಡುವಾಗ ಈ ಚೀಟಿಗಳನ್ನೂ ಓದಲಿ.

ಅಂಗಡಿಯವನಿಗಿಂತ ಹೆಚ್ಚು ನೋವು ಕೊಟ್ಟದ್ದು ಒಂದು ಮನೆ. ಮದುವೆಯಾಗಿ ನಾಲ್ಕನೆಯ ವರ್ಷ. ಸೊಸೆ ಬರಿಹೊಟ್ಟೆಗೆ ಗ್ರೀನ್ ಟೀ, ಊಟವಾದ ಕೂಡಲೇ ಗ್ರೀನ್ ಟೀ, ಅದರಲ್ಲೇ ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದಳು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಬಿಳಿಚಿತ್ತು. ‘ಸಿಸ್ಟರ್, ನಾವೇನೂ ಕಡಿಮೆ ಮಾಡಿಲ್ಲ, ದುಬಾರಿ ಟೀಯನ್ನೇ ತರಿಸುತ್ತಿದ್ದೇವೆ’ ಎಂದರು ಅತ್ತೆ. ಮಗನ ಪರೀಕ್ಷೆ ಆಯಿತೇ ಎಂದು ಕೇಳಿದೆ. ‘ಅವನಿಗೇನಾಗಿದೆ? ಗಟ್ಟಿಮುಟ್ಟಾಗಿದ್ದಾನಲ್ಲ!’ ಎಂದರು. ಸೊಸೆ ತಲೆ ಎತ್ತಲಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಮರ ಹತ್ತಿ ಕರಿಮೆಣಸು ಕುಯ್ಯುವ ತೋಳ್ಬಲಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ, ಹೆಣ್ಣಿನ ಪರೀಕ್ಷೆಗಳಿಗಿಂತ ಖರ್ಚೂ ಕಡಿಮೆ. ಆದರೂ ಥೈರಾಯ್ಡ್, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಂದು ಹೆಣ್ಣು ಅಲೆದು ಸುಸ್ತಾದ ಮೇಲಷ್ಟೇ ಗಂಡನ ಸರದಿ ಬರುತ್ತದೆ. ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಬೇಕು. ಪೊಟ್ಟಣದ ಮೇಲೆ ಪೊಟ್ಟಣ ಖಾಲಿ ಮಾಡುತ್ತಾ ಕಳೆಯುವ ವರ್ಷಗಳನ್ನು ಯಾವ ಆಸ್ಪತ್ರೆಯೂ ಹಿಂದಿರುಗಿಸಲಾರದು.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ: ಗ್ರಾಮಗಳಲ್ಲಿ ನಡೆಸುವ ಆರೋಗ್ಯ ದಿನಗಳಿಗೆ ಹೊಸದಾಗಿ ಮದುವೆಯಾದ ಗಂಡಸರನ್ನೂ ಹೆಸರು ಹಿಡಿದು ಕರೆಯಿರಿ. ಕಾಫಿ ಕುಯ್ಲಿನ ಕಾಲದಲ್ಲಿ ಅವರು ಹಗಲು ಸಿಗುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಸಂಜೆ ಹೋಗಿ, ಅತ್ತೆಯರನ್ನೂ ಕೂರಿಸಿಕೊಂಡು ಹೇಳಿ.

— ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಪೊನ್ನಂಪೇಟೆ ತಾಲ್ಲೂಕು, ಕೊಡಗು