ಆ ಅಜ್ಜಿಗೂ ಒಂದು ತವರಿತ್ತು

ಪ್ರೀತಿಯ ಗೆಳೆಯಾ,

ನಿನ್ನ ಅಜ್ಜಿಯ ಅಜ್ಜಿ ಯಾವ ಊರಿನವಳು, ಯಾರ ಮಗಳು ಅಂತ ಹುಡುಕಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯ ಹಿರಿಯಜ್ಜಿಯೊಬ್ಬಳ ಜಾಡು ಹಿಡಿದು ಹೋದಾಗ ನನಗೆ ತಿಳಿದದ್ದನ್ನೇ ಹೇಳುತ್ತೇನೆ. ಅವಳ ಹೆಸರು, ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಜಮೀನಿನ ವಿಷಯ ದಾಯಾದಿಗಳಲ್ಲಿ ಇನ್ನೂ ತಣ್ಣಗಾಗಿಲ್ಲ, ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ಸಕಲೇಶಪುರದ ಕಡೆ, ಹೇಮಾವತಿ ದಡದ ಒಂದು ಹಳ್ಳಿ ಅಂದರೆ ಸಾಕು.

ನಮ್ಮ ಮನೆಯಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಮಾತು. ‘ಬರದಲ್ಲಿ ಬಂದವಳು, ತವರಿಲ್ಲದವಳು.’ ಯಾವ ಬರ, ಎಲ್ಲಿಂದ ಬಂದಳು, ಯಾರಿಗೂ ಗೊತ್ತಿಲ್ಲ. ಮದುವೆ ಮನೆಗಳಲ್ಲಿ, ತಿಥಿ ಮನೆಗಳಲ್ಲಿ ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರ ದನಿಯಲ್ಲಿ ಕನಿಕರಕ್ಕಿಂತ ತಾತ್ಸಾರವೇ ಜಾಸ್ತಿ ಇರುತ್ತಿತ್ತು. ನನಗೆ ಅದು ಚಿಕ್ಕಂದಿನಿಂದಲೂ ಚುಚ್ಚುತ್ತಿತ್ತು.

ಬರ ಯಾವುದು ಅನ್ನುವುದು ಕಷ್ಟದ ಪ್ರಶ್ನೆಯಲ್ಲ. ನಮ್ಮ ಹಿರಿಯರು ‘ಧಾತು ಈಶ್ವರ ಬರ’ ಅನ್ನುತ್ತಿದ್ದರಲ್ಲ, ಅದೇ. ಎರಡೂ ಸಂವತ್ಸರದ ಹೆಸರು. ಧಾತು ಅಂದರೆ 1876–77, ಈಶ್ವರ ಅಂದರೆ 1877–78. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷಕ್ಕೂ ಮೇಲೆ ಜನ ಇದ್ದರು. 1881ಕ್ಕೆ ಅದು 42 ಲಕ್ಷದ ಒಳಗೆ ಬಂತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಬಯಲುಸೀಮೆಗೆ ಬಿದ್ದಷ್ಟು ಪೆಟ್ಟು ಮಲೆನಾಡಿಗೆ ಬೀಳಲಿಲ್ಲ. ಅಂದಮೇಲೆ ಅವಳು ಮೂಡಲ ಕಡೆಯಿಂದ ಬಂದಿರಬೇಕು ಅನ್ನುವಷ್ಟು ಊಹೆ ಮಾಡಬಹುದಿತ್ತು.

ಆದರೆ ಗಣತಿಯಲ್ಲಿ ಅವಳು ಸಿಗುವುದಿಲ್ಲ, ಇದನ್ನು ಮೊದಲೇ ತಿಳಿದುಕೋ. ಆ ಗಣತಿಗಳಿಂದ ನಮ್ಮ ಕೈಗೆ ಬಂದಿರುವುದು ಕೋಷ್ಟಕ ಮಾತ್ರ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಮನೆ. ಹೆಸರಿಲ್ಲ. ಜನನ ಮರಣದ ದಾಖಲೆಯನ್ನೂ ನೆಚ್ಚಿಕೊಳ್ಳಬೇಡ. ಈಗಿನ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯ ಹುಟ್ಟು ಸಾವಿನ ಲೆಕ್ಕ ಪಟೇಲರ ಕೈಯಲ್ಲಿತ್ತು. 1963ರಲ್ಲಿ ಪಟೇಲಿಕೆ, ಶಾನುಭೋಗಿಕೆ ಹೋದ ಮೇಲೆ ಎಷ್ಟೋ ಪುಸ್ತಕಗಳು ಅಟ್ಟದ ಮೇಲೇ ಉಳಿದು ಗೆದ್ದಲು ಹಿಡಿದವು.

ಹಾಗಾದರೆ ಎಲ್ಲಿ ಸಿಗುತ್ತಾಳೆ? ಜಮೀನಿನ ಕಾಗದದಲ್ಲಿ. ಅದೂ ಕಷ್ಟ ಬಂದಾಗ. ಗಂಡ ಬದುಕಿರುವಷ್ಟು ದಿನ ಸರ್ಕಾರದ ಕಣ್ಣಿಗೆ ಆ ಕಾಲದ ಹಳ್ಳಿ ಹೆಂಗಸು ಇಲ್ಲವೇ ಇಲ್ಲ. ಕಂದಾಯ ಗಂಡನ ಹೆಸರಿನಲ್ಲಿ, ಪಟ್ಟ ಗಂಡನ ಹೆಸರಿನಲ್ಲಿ. ಗಂಡ ಸತ್ತು, ಮಕ್ಕಳು ಚಿಕ್ಕವರಿದ್ದು, ಸಾಲ ತಲೆ ಮೇಲಿದ್ದಾಗ ಅವಳ ಹೆಸರು ಒಮ್ಮೆಲೇ ಕಾಗದಕ್ಕೆ ಬರುತ್ತದೆ. ಸುಖವಾಗಿ ಬಾಳಿದ ಹೆಂಗಸರ ಗುರುತೇ ಉಳಿದಿಲ್ಲ. ಇದನ್ನು ಯೋಚಿಸಿದರೆ ಸಂಕಟವಾಗುತ್ತದೆ. ಆದರೆ ಹುಡುಕುವವರಿಗೆ ದಾರಿ ಅದೇ.

ನೀನೂ ಈಗಿನ ಪಹಣಿಯಿಂದ ಶುರು ಮಾಡು. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಸಿಗುತ್ತದೆ. ಅದಕ್ಕೆ ಅಡ್ಡಗೆರೆ ಹಾಕಿ ಒಂದು, ಎರಡು ಅಂತ ಹಿಸ್ಸಾ ಇದ್ದರೆ ಪೋಡಿಯಾಗಿದೆ, ಅಂದರೆ ಜಮೀನು ಭಾಗವಾಗಿ ಬೇರೆ ಬೇರೆ ನಂಬರ್ ಬಿದ್ದಿದೆ ಎಂದರ್ಥ, ಮೂಲ ನಂಬರ್ ಇಟ್ಟುಕೊಂಡು ಹಿಂದಕ್ಕೆ ಹೋಗು. ಮ್ಯುಟೇಶನ್ (ಖಾತೆ ಬದಲಾದ ದಾಖಲೆ), ಕೈಬರಹದ ಪಹಣಿ, ಅದರ ಹಿಂದೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ಹಕ್ಕುಗಳ ದಾಖಲೆ) ಪುಸ್ತಕ, ಆಕಾರಬಂದ್ (ಜಮೀನಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆಯವರ ಅಳತೆಯ ನಕ್ಷೆ). ಇವೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಸರ್ವೆ ಶಾಖೆಯಲ್ಲಿ ಇರಬೇಕು. ಅರ್ಜಿ ಹಾಕಿ ನಕಲು ತೆಗೆಸು. ನಂಬರ್ ಇಲ್ಲದೆ ಬರೀ ಹೆಸರು ಹಿಡಿದು ಹೋದರೆ ಯಾರೂ ಏನೂ ಮಾಡಲಾರರು. ಕೆಂಪಮ್ಮ, ನಿಂಗಮ್ಮ, ಪುಟ್ಟಮ್ಮ ಅಂತ ಒಂದೊಂದು ಹೋಬಳಿಯಲ್ಲೂ ಎಷ್ಟು ಜನ ಇರುತ್ತಾರೆ ನೀನೇ ಹೇಳು.

ನನಗೆ ನಿಜವಾಗಿ ಬಾಗಿಲು ತೆರೆದದ್ದು ಸಬ್ ರಿಜಿಸ್ಟ್ರಾರ್ ಕಚೇರಿ. ಅಲ್ಲಿ ಸ್ಥಿರಾಸ್ತಿ ಪತ್ರಗಳಿಗೆ ಎರಡು ಇಂಡೆಕ್ಸ್ ಇರುತ್ತವೆ. ಒಂದು ಜನರ ಹೆಸರಿನದು, ಇನ್ನೊಂದು ಊರು ಮತ್ತು ಜಮೀನಿನದು. ನೀನು ಎರಡನೆಯದನ್ನೇ ಕೇಳು. ನಮ್ಮ ಊರಿನ ಗದ್ದೆಯ ಜಾಡಿನಲ್ಲೇ ಒಂದು ಭೋಗ್ಯ ಪತ್ರ ಸಿಕ್ಕಿತು, ಅಂದರೆ ಸಾಲ ತೀರುವವರೆಗೆ ಸಾಲ ಕೊಟ್ಟವರು ಜಮೀನು ಅನುಭವಿಸಲಿ ಅಂತ ಬರೆದುಕೊಟ್ಟ ಅಡಮಾನದ ಪತ್ರ. ನಕಲು ಕೈಗೆ ಬಂದ ದಿನ ಊಟ ಸೇರಲಿಲ್ಲ, ಅಷ್ಟು ಸಲ ಓದಿದೆ.

ಆ ಪತ್ರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿನಗೂ ಇಂಥದ್ದೇ ಸಿಗಬಹುದು. ಮೇಲೆ ವಿಜಯ ನಾಮ ಸಂವತ್ಸರ ಅಂತಿದೆ. ಇಸವಿ ಇದ್ದ ಜಾಗದಲ್ಲಿ ಕಾಗದ ಹರಿದಿತ್ತಂತೆ, ನಕಲು ಮಾಡಿದವರು ಖಾಲಿ ಬಿಟ್ಟಿದ್ದಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ, ವಿಜಯ ಅಂದರೆ 1833 ಆಗಬಹುದು, 1893 ಆಗಬಹುದು, 1953 ಕೂಡ ಆಗಬಹುದು. ಆದರೆ ಪತ್ರದಲ್ಲಿ ಇಷ್ಟು ಕೊಳಗ ಬೀಜದ ಗದ್ದೆ ಎಂಬ ಹಳೆಯ ಲೆಕ್ಕದ ಜೊತೆಗೇ ಸರ್ವೆ ನಂಬರ್ ಕೂಡ ಇದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಶುರುವಾದದ್ದೇ 1863ರಲ್ಲಿ. ಹಾಗಾಗಿ 1833 ಅಲ್ಲ. 1953ಕ್ಕೆ ಅವಳ ಮೊಮ್ಮಕ್ಕಳೇ ಯಜಮಾನರಾಗಿದ್ದರು. ಉಳಿದದ್ದು 1893–94.

ಅವಳನ್ನು ಗಂಡನ ಹೆಸರಿನಿಂದಲೇ ಗುರುತಿಸಿದ್ದಾರೆ, ಇಂಥವಳು ಕೋಂ ಇಂಥವನು ಅಂತ. ಅಪ್ಪನ ಹೆಸರಿಲ್ಲ. ಮೈನರ್ ಮಗನಿಗೆ ತಾಯಿಯೇ ಗಾರ್ಡಿಯನ್. ಗಂಡ ಮಾಡಿಟ್ಟು ಹೋದ ಸಾಲಕ್ಕಾಗಿ ಗದ್ದೆಯನ್ನು ಭೋಗ್ಯಕ್ಕೆ ಕೊಟ್ಟಿದ್ದಾಳೆ. ಮಾರಿಲ್ಲ, ಇದನ್ನು ಗಮನಿಸು. ಆಮೇಲೆ ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ದಾರಿ, ಪಶ್ಚಿಮಕ್ಕೆ ಬೇರೆ ಮನೆತನದವರ ಗದ್ದೆ, ಉತ್ತರಕ್ಕೆ ಅವಳ ಗಂಡನ ಅಣ್ಣನ ಗದ್ದೆ. ಚೆಕ್ಕುಬಂದಿಯನ್ನು ಯಾವತ್ತೂ ಹಾರಿಸಿ ಓದಬೇಡ. ಯಾರ ಪಕ್ಕದಲ್ಲಿ ಯಾರಿದ್ದರು ಅನ್ನುವುದರಲ್ಲೇ ಅರ್ಧ ವಂಶವೃಕ್ಷ ಇರುತ್ತದೆ.

ಕೊನೆಗೆ ರುಜು. ಅವಳ ಹೆಸರಿನ ಮುಂದೆ ಒಂದು ಸಣ್ಣ ಕೂಡುಗೀಟಿನ ಗುರುತು. ಅದರ ಕೆಳಗೆ ಸಾಕ್ಷಿಗಳು. ನಾನು ಅಲ್ಲಿಯೇ ನಿಂತುಬಿಟ್ಟೆ. ಸಾಕ್ಷಿಗಳಲ್ಲಿ ಇಬ್ಬರು ನಮ್ಮ ಊರಿನವರೂ ಅಲ್ಲ, ಅಕ್ಕಪಕ್ಕದ ಊರಿನವರೂ ಅಲ್ಲ. ಇಬ್ಬರಿಗೂ ಒಬ್ಬನೇ ಅಪ್ಪನ ಹೆಸರು. ಊರು ಹಾರನಹಳ್ಳಿ ಕಡೆಯದು, ಈಗಿನ ಅರಸೀಕೆರೆ ತಾಲ್ಲೂಕು. ಅಲ್ಲಿಂದ ಸಕಲೇಶಪುರ ಸೀಮೆಗೆ ಎಂಬತ್ತು ಕಿಲೋಮೀಟರ್ ಆಸುಪಾಸು. ಆಗ ಈ ಕಡೆಗೆ ರೈಲಿಲ್ಲ, ಗಾಡಿ ಕಟ್ಟಿಕೊಂಡೋ ನಡೆದೋ ಬರಬೇಕು. ಯಾರದೋ ಗದ್ದೆಯ ಭೋಗ್ಯಕ್ಕೆ ಸಾಕ್ಷಿ ಹಾಕಲು ಅಷ್ಟು ದೂರದಿಂದ ಸುಮ್ನೆ ಯಾರಾದರೂ ಬರುತ್ತಾರಾ? ವಿಧವೆ ತಂಗಿಯ ಜಮೀನನ್ನು ಯಾರೂ ಲಪಟಾಯಿಸದಿರಲಿ ಅಂತ ಅಣ್ಣಂದಿರು ಬರುತ್ತಾರೆ.

ಆಗ ನನಗೆ ನಮ್ಮ ಮನೆಯ ಇನ್ನೊಂದು ಪದ್ಧತಿ ಹೊಳೆಯಿತು. ನಮ್ಮ ಮನೆದೇವರು ಇಲ್ಲೇ ಮಲೆನಾಡಿನ ದೇವರು. ಆದರೂ ಶ್ರಾವಣದಲ್ಲಿ ಮಾಲೇಕಲ್ಲು ತಿರುಪತಿಗೆ ಒಂದು ಮುಡಿಪು ಕಟ್ಟಿಡುತ್ತೇವೆ. ಗಂಡಸರು ಇದರ ತಂಟೆಗೇ ಬರುವುದಿಲ್ಲ. ಅರಿಶಿನದ ಬಟ್ಟೆಯಲ್ಲಿ ದುಡ್ಡು ಗಂಟು ಹಾಕಿ ದೇವರ ಮನೆಯ ಮೂಲೆಯಲ್ಲಿ ಇಡುವುದು ಸೊಸೆಯಂದಿರ ಕೆಲಸ, ಅತ್ತೆಯಿಂದ ಸೊಸೆಗೆ ಬಂದದ್ದು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಮಾಲೇಕಲ್ಲು ಇರುವುದು ಅರಸೀಕೆರೆ ಹತ್ತಿರ. ತವರಿನ ದೇವರನ್ನು ಅವಳು ಬಿಟ್ಟಿರಲಿಲ್ಲ. ಅವಳ ಹೆಸರು ಮರೆತ ಮನೆಯಲ್ಲಿ ಆ ಮುಡಿಪು ಉಳಿದುಕೊಂಡಿದೆ.

ಸಾಕ್ಷಿಗಳ ಊರಿಗೆ ಹೋದೆ. ಆ ಹೆಸರಿನ ಮನೆತನ ಈಗಲೂ ಇದೆ, ಆದರೆ ಅವರಿಗೆ ಮೂರು ತಲೆಮಾರಿನ ಆಚೆ ಏನೂ ತಿಳಿದಿಲ್ಲ. ಅವರೇ ಹೇಳಿದರು, ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ, ಆಗ ಬನ್ನಿ ಅಂತ. ನಮ್ಮ ಕಡೆ ಹೆಳವರನ್ನು ಭಿಕ್ಷೆಯವರು ಅಂತ ಬಾಗಿಲಲ್ಲೇ ಕಳಿಸಿಬಿಡುವವರಿದ್ದಾರೆ. ದಯವಿಟ್ಟು ನೀನು ಹಾಗೆ ಮಾಡಬೇಡ. ಒಂದೊಂದು ಮನೆತನದ ವಂಶಾವಳಿಯನ್ನು ತಲೆಮಾರುಗಟ್ಟಲೆ ಕಾದುಕೊಂಡು ಬಂದವರು ಅವರು. ಮುಂಚೆ ಎತ್ತಿನ ಮೇಲೆ ಬರುತ್ತಿದ್ದರು, ಈ ಹಿರಿಯರು ಬಂದದ್ದು ವ್ಯಾನಿನಲ್ಲಿ. ಜಗಲಿ ಮೇಲೆ ಕೂತು, ಮೊರದಲ್ಲಿ ರಾಗಿ, ಬೆಲ್ಲ, ಕಾಣಿಕೆ ಇಡಿಸಿಕೊಂಡು, ರಾಗವಾಗಿ ಹೇಳುತ್ತಾ ಹೋದರು. ಪತ್ರದಲ್ಲಿದ್ದ ಅಪ್ಪನ ಹೆಸರು ಬಂತು. ಅವನ ಹಿಂದೆಯೇ ಎರಡು ಗಂಡುಮಕ್ಕಳ ಹೆಸರು, ಪತ್ರದಲ್ಲಿದ್ದ ಅದೇ ಎರಡು ಹೆಸರು. ಆಮೇಲೆ, ಧಾತು ವರ್ಷದಲ್ಲಿ ಮಂಜರಾಬಾದು ಸೀಮೆಗೆ ಕೊಟ್ಟ ಒಂದು ಹೆಣ್ಣು, ಅಂದರು. ಮಂಜರಾಬಾದು ಅಂದರೆ ಆಗಿನ ಸಕಲೇಶಪುರ ಸೀಮೆ. ಹೆಣ್ಣಿನ ಹೆಸರೇನು ಎಂದೆ. ಅದು ಹಾಡಿನಲ್ಲಿ ಇಲ್ಲ ತಾಯಿ, ಅಂದರು.

ರಿಜಿಸ್ಟ್ರಾರ್ ಪುಸ್ತಕದಲ್ಲಿ ಅವಳ ಹೆಸರಿದೆ, ಅವಳು ಯಾರ ಮಗಳು ಅಂತಿಲ್ಲ. ಹೆಳವರ ಬಾಯಲ್ಲಿ ಅಪ್ಪನಿದ್ದಾನೆ, ಅವಳ ಹೆಸರಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಅವಳು ಪೂರ್ತಿ ಕಾಣುತ್ತಾಳೆ. ಬರದಲ್ಲಿ ಕೂಳಿಲ್ಲದೆ ಓಡಿಬಂದವಳಲ್ಲ. ಮಗಳಾದರೂ ಉಣ್ಣಲಿ ಅಂತ ನೀರಿರುವ ಸೀಮೆಗೆ ಕೊಟ್ಟ ಹೆಣ್ಣು. ಗಂಡ ಸತ್ತಾಗ ಬೆನ್ನಿಗೆ ನಿಲ್ಲುವ ಅಣ್ಣಂದಿರಿದ್ದ ಹೆಣ್ಣು. ಆರೇಳು ವರ್ಷದ ಮೇಲೆ ಸಾಲ ತೀರಿಸಿ ಗದ್ದೆ ಬಿಡಿಸಿಕೊಂಡದ್ದಕ್ಕೂ ಪತ್ರ ಇದೆ. ಇವತ್ತಿಗೂ ನಮ್ಮವರು ಅದೇ ಗದ್ದೆಯ ಅಕ್ಕಿ ಉಣ್ಣುತ್ತಾರೆ. ಮುಂದಿನ ತಿಥಿಯಲ್ಲಿ ಯಾರಾದರೂ ‘ತವರಿಲ್ಲದವಳು’ ಅಂದರೆ ನಾನು ಸುಮ್ಮನಿರುವುದಿಲ್ಲ.

ಈಗ ನಿನ್ನ ವಿಷಯ. ನಿಮ್ಮ ಹಳೇ ಊರು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು, ಇನ್ನೆಲ್ಲಿ ದಾಖಲೆ ಅಂತ ಬೇಜಾರು ಮಾಡಿಕೊಂಡಿದ್ದೆ. ಊರು ಮುಳುಗಿದ್ದರಿಂದಲೇ ನಿನಗೆ ಒಂದು ಅನುಕೂಲ ಇದೆ. ಪರಿಹಾರ ಕೊಡಬೇಕಾದರೆ ಸರ್ವೆ ನಂಬರ್ ವಾರು ಯಾರ ಜಮೀನು, ಯಾರು ವಾರಸುದಾರರು ಅಂತ ಬರೆಯಲೇಬೇಕಿತ್ತು. ಆ ಭೂಸ್ವಾಧೀನದ ಕಡತವನ್ನು ಮಾಹಿತಿ ಹಕ್ಕಿನಲ್ಲಿ ಕೇಳು. ಅಲ್ಲಿಂದ ಹಿಂದಕ್ಕೆ ಹೋಗಬಹುದು. ಇನ್ನೊಂದು ಮಾತು, 1882ರಿಂದ 1886ರವರೆಗೆ ಹಾಸನ ಬೇರೆ ಜಿಲ್ಲೆಯಾಗಿ ಇರಲಿಲ್ಲ. ಆ ವರ್ಷಗಳ ಕಡತ ಬೇಕಾದರೆ ಅಕ್ಕಪಕ್ಕದ ಜಿಲ್ಲೆಗಳ ಹೆಸರಿನಲ್ಲೂ ನೋಡು. ಚಿಕ್ಕಮಗಳೂರಿನ ಕಡೆ ನೆಂಟರಿದ್ದರೆ ಹಳೆಯ ಕಾಗದಗಳಲ್ಲಿ ಕಡೂರು ಜಿಲ್ಲೆ ಅಂತಿರುತ್ತದೆ, ಅದು ಚಿಕ್ಕಮಗಳೂರು ಜಿಲ್ಲೆಯಾದದ್ದು 1947ರಲ್ಲಿ. ತಾಲ್ಲೂಕಿನಲ್ಲಿ ಸಿಗದ ದೊಡ್ಡ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ, ನಿನಗೆ ಅದು ಹತ್ತಿರವೇ ಅಲ್ವಾ.

ಇದೆಲ್ಲಕ್ಕಿಂತ ಮುಂಚೆ ನಿಮ್ಮ ಸೋದರತ್ತೆಯ ಹತ್ತಿರ ಹೋಗಿ ಒಂದು ಮಧ್ಯಾಹ್ನ ಕೂತುಕೋ. ನಿಮ್ಮ ಮನೆಯ ಹೆಂಗಸರು ಯಾವ ದೇವರಿಗೆ ಮುಡಿಪು ಕಟ್ಟುತ್ತಾರೆ, ಬಾಣಂತಿಗೆ ಯಾವ ಊರಿನಿಂದ ಬುತ್ತಿ ಬರುತ್ತಿತ್ತು, ಯಾವ ಊರಿನ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು, ಇಷ್ಟು ಕೇಳು. ಅವರಿಗೆ ಎಂಬತ್ತು ದಾಟಿದೆ. ಕಚೇರಿ ಕಾಗದ ಇನ್ನೊಂದು ವರ್ಷ ಕಾಯುತ್ತದೆ, ಅವರನ್ನು ಈ ತಿಂಗಳೇ ಮಾತಾಡಿಸು. ಊರುಗಳ ಹೆಸರು ಸಿಕ್ಕ ತಕ್ಷಣ ನನಗೆ ತಿಳಿಸು, ಅರಸೀಕೆರೆ ಕಡೆಯ ಹೆಳವರ ಪರಿಚಯ ಈಗ ನನಗಿದೆ, ನಿಮ್ಮ ಮನೆತನ ಯಾರ ಪಾಲಿಗೆ ಬರುತ್ತದೆ ಅಂತ ಅವರನ್ನೇ ಕೇಳೋಣ.

ಇಂತಿ ನಿನ್ನ ಗೆಳತಿ,
ಹಾಸನ