ಮಗಳಿಗೊಂದು ಪತ್ರ: ಕೆಮ್ಮಣ್ಣುಗುಂಡಿಯ ಪಟ್ಟೆ ಕಲ್ಲು

ಚಿಕ್ಕಮಗಳೂರು
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಬಿಳಿ ಕ್ಯಾನ್ವಾಸ್ ಶೂ ಎರಡು ಸಲ ಉಜ್ಜಿ ತೊಳೆದೆ. ಕೆಮ್ಮಣ್ಣುಗುಂಡಿಯ ಕೆಂಪು ಇನ್ನೂ ಹೊಲಿಗೆಯಲ್ಲೇ ಕೂತಿದೆ. ಶೂ ಒಳಗೆ ನೀನು ತುರುಕಿಟ್ಟಿದ್ದ ಕಲ್ಲೂ ಸಿಕ್ಕಿತು. ಅದನ್ನು ನೋಡಿದ ಮೇಲೆ ಈ ಕಾಗದ ಬರೆಯಲೇಬೇಕು ಅನ್ನಿಸಿತು.

ಅವತ್ತು ಬೆಟ್ಟದ ಮೇಲೆ ನೀನು ಕೇಳಿದೆ, "ಅಮ್ಮ, ಇಷ್ಟೊಂದು ಗಾಳಿ ಎಲ್ಲಿಂದ ಬಂತು?" ನಾನು ಸುಮ್ನೆ "ಮರಗಳಿಂದ" ಅಂದುಬಿಟ್ಟೆ. ಅದು ಸರಿಯಾದ ಉತ್ತರ ಅಲ್ಲ. ನೆಲದ ಮೇಲೆ ಮರ ಬಂದು ಹತ್ತಿರ ಹತ್ತಿರ 40 ಕೋಟಿ ವರ್ಷ ಆಗಿರಬಹುದು. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ.

ಮೊದಲಿದ್ದ ಗಾಳಿಯಲ್ಲಿ ನಾವು ಬದುಕುವ ಮಾತೇ ಇರಲಿಲ್ಲ. ಜ್ವಾಲಾಮುಖಿಗಳು ಕಕ್ಕಿದ ನೀರಾವಿ, ಇಂಗಾಲದ ಡೈಆಕ್ಸೈಡ್, ಸಾರಜನಕ, ಹೆಚ್ಚಾಗಿ ಇವೇ. ಆವಿ ತಣಿದು, ಮಳೆ ಸುರಿದು ಸಮುದ್ರವಾಯಿತು. ಇಂಗಾಲದ ಡೈಆಕ್ಸೈಡ್ ಬಹುಪಾಲು ನೀರಲ್ಲಿ ಕರಗಿ, ಕಾಲಾಂತರದಲ್ಲಿ ಸುಣ್ಣಕಲ್ಲಾಗಿ ಕೂತಿತು. ಸಾರಜನಕ ಯಾರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ, ಹಾಗೇ ಉಳಿಯಿತು. ಇವತ್ತಿಗೂ ನೂರಕ್ಕೆ 78 ಪಾಲು ಅದೇ. ಆಮ್ಲಜನಕ ಮಾತ್ರ ಇರಲಿಲ್ಲ ಅಂತಲೇ ಹೇಳಬೇಕು.

ಅದನ್ನು ಮಾಡಿಕೊಟ್ಟಿದ್ದು ನೀಲಿ-ಹಸಿರು ಪಾಚಿ. ಗದ್ದೆಗೆ ಗೊಬ್ಬರ ಅಂತ ಬಿಡುತ್ತಾರಲ್ಲ, ಅದೇ ಕುಲದ್ದು. ನಮ್ಮ ಹಿತ್ತಲ ತೊಟ್ಟಿ ನೆನಪಿದೆ ಅಲ್ವಾ? ಮಧ್ಯಾಹ್ನದ ಬಿಸಿಲಿಗೆ ಪಾಚಿ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಕೂತಿರುತ್ತವೆ. ಬೆರಳು ತಾಗಿಸಿದರೆ ಒಂದೊಂದೇ ಬಿಟ್ಟು ಮೇಲೇಳುತ್ತವೆ. ಆ ಗುಳ್ಳೆಯಲ್ಲಿರುವುದು ಆಮ್ಲಜನಕ. ಸಮುದ್ರದಲ್ಲಿ ನಡೆದದ್ದೂ ಇದೇ, ಕೋಟಿಗಟ್ಟಲೆ ವರ್ಷ.

ಆದರೆ ಅದು ಗಾಳಿಗೆ ಬಂದು ಸೇರಲಿಲ್ಲ. ಆಗಿನ ಸಮುದ್ರದಲ್ಲಿ ಕಬ್ಬಿಣ ಕರಗಿತ್ತು. ಆಮ್ಲಜನಕ ಸಿಕ್ಕಿದ್ದೇ ತಡ, ಕಬ್ಬಿಣ ಅದನ್ನು ಹಿಡಿದುಕೊಂಡು ತುಕ್ಕಾಗಿ ತಳಕ್ಕೆ ಇಳಿಯುತ್ತಿತ್ತು. ಒಂದು ಪದರ ಕಬ್ಬಿಣ, ಒಂದು ಪದರ ಬೆಣಚು, ಮತ್ತೆ ಕಬ್ಬಿಣ. ನಿನ್ನ ಕಲ್ಲು ಅದೇ ಪುಟ್ಟಿ!

ಅದನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಅಂಗೈಗಿಂತ ಚಿಕ್ಕದು, ತೂಕ ಮಾತ್ರ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಗೆರೆಗಳು ಎದ್ದು ಕಂಡವು. ಕಪ್ಪು, ತುಕ್ಕಿನ ಕೆಂಪು, ನಡುವೆ ಮಾಸಲು ಬಿಳಿ. ಒಂದು ಗೆರೆಯಂತೂ ಹೊಲಿಗೆ ದಾರದಷ್ಟು ಸಣ್ಣ. ಫ್ರಿಜ್ ಮೇಲಿನ ಅಯಸ್ಕಾಂತ ತಂದು ಕಪ್ಪು ಗೆರೆಗೆ ಹಿಡಿದೆ. ಮೆಲ್ಲಗೆ ಎಳೆಯಿತು. ಬಾಬಾಬುಡನ್‌ಗಿರಿ ಸಾಲಿನ ಈ ಪಟ್ಟೆ ಕಲ್ಲಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೋಡುತ್ತಿದ್ದುದೂ ಇಂಥದ್ದನ್ನೇ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿತ್ತು. ಅಲ್ಲಿನ ಕುಲುಮೆ ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಅಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸುವುದು.

ಕಬ್ಬಿಣ, ಜ್ವಾಲಾಮುಖಿಯ ಅನಿಲಗಳು ಎಲ್ಲಾ ಹೀರಿ ಮಿಕ್ಕ ಮೇಲೆ, ಸುಮಾರು 240 ಕೋಟಿ ವರ್ಷದ ಹಿಂದೆ, ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು. ಆಗಲೂ ಸ್ವಲ್ಪವೇ. ಅದರಿಂದಲೇ ಮೇಲೆ ಓಝೋನ್ ಪದರ ಕಟ್ಟಿಕೊಂಡು ಸುಡುವ ಕಿರಣಗಳನ್ನು ತಡೆಯಿತು. ಈಗಿನ 21 ಪಾಲಿನ ಹತ್ತಿರ ಬರಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ನಾನು ಹೇಳಿದ ಮರಗಳು ಕೈ ಸೇರಿಸಿದ್ದು ಕೊನೆಕೊನೆಗೆ.

ಇನ್ನೊಂದು ವಿಷಯ, ನಿನ್ನಿಂದ ಮುಚ್ಚಿಡುವುದು ಬೇಡ. ಅಜ್ಜಿ ಹುಟ್ಟಿದ್ದು 1958ರಲ್ಲಿ. ಅದೇ ವರ್ಷ ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದರು. ಆಗ 10 ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟಿದ್ದೇ ಮುಖ್ಯ ಕಾರಣ. ಅಜ್ಜಿಗೆ ಇನ್ನೂ ಎಪ್ಪತ್ತು ತುಂಬಿಲ್ಲ. ಈ ಕಲ್ಲಿನ ಪಕ್ಕದಲ್ಲಿ ಆ ಲೆಕ್ಕ ಬರೆಯುವಾಗ ನನಗೆ ಹೆದರಿಕೆಯೇ ಆಯಿತು.

ಬುಧವಾರ ಅಪ್ಪ ಬಸ್ಸಿಗೆ ಪಾರ್ಸಲ್ ಹಾಕುತ್ತಾರೆ. ಶೂ ಇದೆ, ಅಜ್ಜಿ ಮಾಡಿದ ಕೋಡುಬಳೆ ಇದೆ. ಕಲ್ಲನ್ನು ನಿನ್ನ ಹಳೇ ಕಾಲುಚೀಲದಲ್ಲಿ ಸುತ್ತಿಟ್ಟಿದ್ದೇನೆ. ಜೊತೆಗೆ ಅಯಸ್ಕಾಂತವೂ ಇದೆ. ಕಪ್ಪು ಗೆರೆಗೇ ಹಿಡಿದು ನೋಡು.

ನಿನ್ನ
ಅಮ್ಮ