ಪರದೇಶಿಗಳಿಗೆ ತೆರೆದ ಬಾಗಿಲು

ಪ್ರಿಯ ಗೆಳೆಯಾ,

ವಂದನೆಗಳು. ಚರ್ಚಿನ ಪಕ್ಕದ ಕಟ್ಟಡದ ಕೆಲಸಕ್ಕೆ ಜಾರ್ಖಂಡ್, ಒಡಿಶಾದಿಂದ ಬಂದವರಿಗೆ ಸಭೆಯಿಂದ ಏನು ಮಾಡಬಹುದು ಅಂತ ಕೇಳಿದ್ದೀಯ.

ಬೈಬಲಿನ ಇಬ್ರಿಯರಿಗೆ 13:2ರಲ್ಲಿ ನಾವು ‘ಅತಿಥಿಸತ್ಕಾರ’ ಅಂತ ಓದುವ ಕಡೆ ಗ್ರೀಕಿನಲ್ಲಿರುವುದು ‘ಫಿಲೊಕ್ಸೆನಿಯಾ’, ಅಂದರೆ ಗುರುತಿಲ್ಲದವರ ಮೇಲಿನ ಪ್ರೀತಿ. ಅತಿಥಿ ಅಂದಕೂಡಲೇ ನಮಗೆ ನೆನಪಾಗುವವರು ನೆಂಟರು. ಮತ್ತಾಯ 25:35ರ ‘ಪರದೇಶಿಯಾಗಿದ್ದೆನು’ ಅನ್ನುವ ಮಾತೇ ಹೆಚ್ಚು ನೇರ; ನಮ್ಮ ಆಡುಮಾತಿನಲ್ಲೂ ಪರದೇಶಿ ಅಂದರೆ ದಿಕ್ಕಿಲ್ಲದವನು.

ಊಟದಿಂದ ಶುರುಮಾಡಿ. ಭಾನುವಾರ ಬೆಳಗ್ಗೆ ಬೇಡ. ಹಲವು ಸೈಟುಗಳಲ್ಲಿ ಅವತ್ತು ಅರ್ಧ ದಿನ ಕೆಲಸವಿರುತ್ತೆ, ವಾರದ ಖರ್ಚಿ, ಅಂದರೆ ಕೈಖರ್ಚಿನ ಮುಂಗಡ, ಕೈಗೆ ಬಂದಮೇಲೆ ಸಂತೆಗೆ ಹೋಗುತ್ತಾರೆ. ಸಂಜೆ ಆರು ಗಂಟೆ ಸರಿಹೋಗುತ್ತೆ. ಮೈಮುರಿದು ದುಡಿಯುವವರು, ಮೂವತ್ತು ಜನಕ್ಕೆ 6 ಕೆಜಿ ಅಕ್ಕಿ, 2 ಕೆಜಿ ಬೇಳೆ, 4 ಕೆಜಿ ಆಲೂಗಡ್ಡೆ ಬೇಕು. ಕುಚ್ಚಲಕ್ಕಿ ಸಿಕ್ಕರೆ ಒಳ್ಳೆಯದು, ಅವರಿಗೆ ರೂಢಿ. ಒಗ್ಗರಣೆಗೆ ಸಾಸಿವೆ ಎಣ್ಣೆ ಇರಲಿ. ಬಡಿಸುವವರು ಜೊತೆಗೇ ಕೂತು ಉಣ್ಣಬೇಕು, ಇಲ್ಲದಿದ್ದರೆ ಅದು ಅನ್ನದಾನವಾಗುತ್ತೆ ಅಷ್ಟೆ. ಫೋಟೊ ತೆಗೆಯಬೇಡಿ.

ಊಟಕ್ಕಿಂತ ದೊಡ್ಡ ಕೆಲಸ ರೇಷನ್ನಿನದು. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಊರಿನ ಕಾರ್ಡಿನ ಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಕಾರ್ಡಿನ ನಂಬರ್ ಇಲ್ಲವೇ ಆಧಾರ್ ನಂಬರ್ ಹೇಳಿ ಬೆರಳಿನ ಗುರುತು ಕೊಟ್ಟರೆ ಸಾಕು. ಒಂದಷ್ಟು ಇಲ್ಲಿ ತಗೊಂಡರೆ ಉಳಿದದ್ದನ್ನು ಮನೆಯವರು ಊರಿನಲ್ಲಿ ತಗೊಳ್ಳಬಹುದು. ಕೆಲಸ ಕೆಡುವುದು ಎರಡು ಕಡೆ: ಕಾರ್ಡಿಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೇ ಸಿಮೆಂಟಿನಲ್ಲಿ ದುಡಿದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಕನ್ನಡ ಬಲ್ಲ ಒಬ್ಬರು ಜೊತೆಗೆ ಹೋಗಿ, ಕಣ್ಣಿನ ಸ್ಕ್ಯಾನ್ ಅಥವಾ ಒಟಿಪಿ ಇದೆಯೇ ಅಂತ ಕೇಳಬೇಕು. ಎಷ್ಟೋ ಸಲ ಅಂಗಡಿಯವರು ‘ಇಲ್ಲ’ ಅನ್ನುವುದು ಭಾಷೆ ತಿಳಿಯದೆ. ಯಾರದೇ ಮೂಲ ದಾಖಲೆ ಚರ್ಚಿನಲ್ಲಿ ಇಟ್ಟುಕೊಳ್ಳಬೇಡಿ.

ಮಕ್ಕಳಿದ್ದರೆ ಶಾಲೆ. ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

ಅವರಲ್ಲಿ ಕ್ರೈಸ್ತರೂ ಇರಬಹುದು. ಜಾರ್ಖಂಡ್‌ನ ರಾಂಚಿಗೆ ಜರ್ಮನಿಯ ಗಾಸ್ನರ್ ಮಿಷನರಿಗಳು ಬಂದದ್ದು 1845ರಲ್ಲಿ, ಅಲ್ಲಿನ ಲೂಥರನ್ ಸಭೆ ಅಷ್ಟು ಹಳೆಯದು. ‘ಯೀಶು ಸಹಾಯ್’ ಅಂತ ಅವರ ರೂಢಿಯ ವಂದನೆ ಹೇಳಿ ನೋಡು, ಕೆಲವರ ಮುಖ ಅರಳೀತು. ಆದರೆ ಆರಾಧನೆಗೆ ಬಂದವರಿಗಷ್ಟೇ ಊಟ ಅನ್ನುವ ನಿಯಮ ಯಾರಾದರೂ ತಂದರೆ ಒಪ್ಪಬೇಡ. ಕರ್ತನು ‘ಪರದೇಶಿಯಾಗಿದ್ದೆನು’ ಅಂದನೇ ಹೊರತು ಯಾವ ಸಭೆಯವನು ಅಂತ ಹೇಳಲಿಲ್ಲ.

ನಾಲ್ಕೈದು ವಾರ ಆದಮೇಲೆ ಅಡುಗೆಮನೆಯನ್ನು ಅವರ ಕೈಗೆ ಬಿಟ್ಟುಕೊಡಿ. ದೊಡ್ಡ ಪಾತ್ರೆ, ಸಿಲಿಂಡರ್ ನಿಮ್ಮದು. ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು.

ಇಂತಿ,
ನಿನ್ನ ಗೆಳೆಯ